ಕಾವಲು, ಪೊರಂಬೋಕು, ಖರಾಬು: ಹುಲ್ಲುನೆಲದ ರಕ್ಷಣೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಶಾಸನಗಳಲ್ಲಿ ಕೋಗಳಿ ಐನೂರು ಎಂದು ಉಕ್ತವಾಗಿರುವ ನಾಡು ಈಗಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯೆಂಬುದನ್ನು ವಾಚಕರು ಬಲ್ಲರು. ಕೋಗಳಿಯ ಬಸದಿಯನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು ಕ್ರಿ. ಶ. 1055ರ ಶಾಸನವು ಹೇಳುತ್ತದೆ; ಆ ಬಸದಿಗೆ ಇಂದ್ರಕೀರ್ತಿಯೆಂಬ ಜೈನಾಚಾರ್ಯನು ದತ್ತಿ ಬಿಟ್ಟುದೂ ಅದರಿಂದಲೇ ತಿಳಿದುಬರುತ್ತದೆ. ಈ ನಾಡಿನ ರಾಜಕೀಯ ಚರಿತ್ರೆಯನ್ನು ವಿದ್ವಾಂಸರು ಬೇಕಾದಷ್ಟು ಶೋಧಿಸಿದ್ದಾರೆ. ಆದರೆ ನಾಡೆಂಬುದು ಊರು, ಕೆರೆ, ಗುಡಿ, ಗದ್ದೆಗಳಷ್ಟೇ ಆಗಿರಲಿಲ್ಲ. ಊರಿಗೂ ಊರಿಗೂ ನಡುವೆ ಉಳುಮೆಯಿಲ್ಲದ ಹುಲ್ಲುನೆಲವಿತ್ತು. ಆ ನೆಲಕ್ಕೆ ಹೆಸರಿತ್ತು, ಅದನ್ನು ಕಾಯುವವರಿದ್ದರು. ಅದರ ಮೇಲೆ ಕಟ್ಟಡವೇಳುವಾಗ ಸುತ್ತಣ ಊರಿನವರು ಏಕೆ ಅಡ್ಡ ನಿಂತರೆಂಬುದನ್ನು, ಆ ನೆಲದ ಹೆಸರುಗಳನ್ನೇ ಹಿಡಿದು, ಇಲ್ಲಿ ವಿಚಾರಿಸಲಾಗಿದೆ.

ಮೊದಲು ಕಾವಲು ಎಂಬ ಶಬ್ದ. ಕಾ, ಕಾಯ್ ಎಂಬ ಧಾತುವಿನಿಂದ ಬಂದ ಈ ನಾಮಪದಕ್ಕೆ ರಕ್ಷಣೆಯೆಂಬುದು ಮೂಲಾರ್ಥ. ಕಾಯುವ ಕ್ರಿಯೆಯ ಹೆಸರೇ ಕಾಯಲ್ಪಟ್ಟ ಹುಲ್ಲುಗಾವಲಿಗೂ ಸಂದಿತು. ಕನ್ನಡಿಗರಿಗೆ ಹುಲ್ಲು ತಾನಾಗಿ ಬೆಳೆಯುವ ಕಸವಾಗಿರಲಿಲ್ಲವೆಂಬುದಕ್ಕೆ ಭಾಷೆಯೇ ಸಾಕ್ಷಿ. ತುಱುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ನಮ್ಮ ಬಯಲುಸೀಮೆಯ ಊರೂರುಗಳಲ್ಲಿ ನಿಂತಿವೆ. ಅವುಗಳನ್ನು ಶೌರ್ಯದ ಸ್ಮಾರಕಗಳೆಂದು ಮಾತ್ರವೇ ಓದುವುದು ವಾಡಿಕೆಯಾಗಿದೆ. ಅವು ಮೇವಿನ ನೆಲದ ಸ್ಮಾರಕಗಳೂ ಹೌದೆಂದು ನನಗೆ ತೋರುತ್ತದೆ. ತುಱುವನ್ನು ಹಿಡಿದೊಯ್ಯುವವರು ಬರುತ್ತಿದ್ದುದು ಊರ ಹೊರಗಣ ಮೇವಿನ ಬಯಲಿಗಷ್ಟೆ.

ಈ ಶಬ್ದವು ರಾಜ್ಯಾಡಳಿತದ ಪರಿಭಾಷೆಯಾಗಿ ನೆಲೆಗೊಂಡುದು ಮೈಸೂರಿನಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿಯೆಂಬ ಹೆಸರಿದ್ದಿತು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. ಹೈದರನ ಸೈನ್ಯವು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿತೆಂದು ಗೆಜೆಟಿಯರಿನಲ್ಲಿ ಉಕ್ತವಾಗಿದೆ. 1799ರ ತರುವಾಯ ಈ ದನಗಳು ಬ್ರಿಟಿಷರ ಕೈಗೆ ಬಂದವು. 1860ರಲ್ಲಿ ಮಿತವ್ಯಯದ ನೆಪದಿಂದ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ಆರು ವರ್ಷ ಕಳೆಯುವಷ್ಟರಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಕ್ಕದೆ ಮತ್ತೆ ತೆರೆದರು. 1882ರಲ್ಲಿ ಮೈಸೂರು ಸರ್ಕಾರವು ಅದನ್ನು 2,25,000 ರೂಪಾಯಿಗೆ ಕೊಂಡಿತು. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ದನಗಳನ್ನು ಋತುವಿಗೆ ತಕ್ಕಂತೆ ಒಂದರಿಂದೊಂದಕ್ಕೆ ಅಟ್ಟುತ್ತಿದ್ದರು. ಒಂದು ಹುಲ್ಲುಗಾವಲು ಮೇವು ಕೊಡುವಾಗ ಇನ್ನೊಂದು ಚಿಗುರುತ್ತಿದ್ದಿತು. ಆದುದರಿಂದ ಬರಿದಾಗಿ ಕಾಣುವ ಕಾವಲು ಉಪಯೋಗವಿಲ್ಲದೆ ಬಿದ್ದುದೆಂದು ತಿಳಿಯಕೂಡದು. ಮುಂದಿನ ಕಥೆಯಲ್ಲಿ ಎಲ್ಲರೂ ಮರೆತದ್ದು ಇದನ್ನೇ.

ಕೋಗಳಿ ಸೀಮೆಯು ಮೈಸೂರಿಗೆ ಸೇರಿರಲಿಲ್ಲ. 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದೊಳಗೆ ಅದು ಸೇರಿ, ಥಾಮಸ್ ಮನ್ರೋವಿನ ರೈತವಾರಿ ಲೆಕ್ಕಕ್ಕೆ ಒಳಪಟ್ಟು, 1953ರ ಅಕ್ಟೋಬರ್ 1ರ ವರೆಗೆ ಮದರಾಸಿನ ಆಡಳಿತದಲ್ಲಿದ್ದಿತು. ಅಲ್ಲಿಯ ಕಂದಾಯದ ಪುಸ್ತಕದಲ್ಲಿ ಊರ ಸಾಮುದಾಯಿಕ ನೆಲಕ್ಕೆ ಪೊರಂಬೋಕು ಎಂದು ಹೆಸರು. ತಮಿಳಿನ ಪುಱಂಪೋಕ್ಕಿನಿಂದ ಬಂದ ಈ ಶಬ್ದದ ಅರ್ಥ ಕಂದಾಯದ ಲೆಕ್ಕದ ಹೊರಗೆ ಬಿಟ್ಟುದು ಎಂದಷ್ಟೆ. ಕೆರೆ, ದಾರಿ, ಸ್ಮಶಾನ, ಮೇವಿನ ನೆಲ ಎಲ್ಲವೂ ಅದರಲ್ಲಿ ಸೇರಿದ್ದವು. ಕಾಲಕ್ರಮದಲ್ಲಿ ಆಡುಮಾತಿನಲ್ಲಿ ಅದು ಕೆಲಸಕ್ಕೆ ಬಾರದವನನ್ನು ಬಯ್ಯುವ ಮಾತಾಯಿತು. ಮುಂಬಯಿ ಕರ್ನಾಟಕದ ಕಡೆಯಿಂದ ಬಂದ ಖರಾಬು ಎಂಬ ಶಬ್ದದ ಗತಿಯಾದರೋ ಇನ್ನೂ ವಿಚಿತ್ರ. ಅರಬ್ಬೀ ಮೂಲದಲ್ಲಿ ಹಾಳು ಎಂಬರ್ಥದ ಅದು ಇಂದಿಗೂ ಪಹಣಿಯಲ್ಲಿ ನಿಂತಿದೆ. ಸಾರ್ವಜನಿಕರಿಗೆಂದು ಕಾದಿರಿಸಿದ ನೆಲವು ‘ಬ ಖರಾಬು’ ಎನಿಸಿಕೊಳ್ಳುತ್ತದೆ. ಊರಿನವರೆಲ್ಲರ ನೆಲವನ್ನು ಹಾಳೆಂದು ಕರೆಯುವ ಪುಸ್ತಕವನ್ನು ಮುಂದಿಟ್ಟುಕೊಂಡು ಅಧಿಕಾರಿಯು ಖಾಲಿ ಜಾಗವನ್ನು ಹುಡುಕಹೊರಟರೆ ಆತನ ಕಣ್ಣಿಗೆ ಮೊದಲು ಬೀಳುವುದು ಯಾವುದೆಂದು ಹೇಳಬೇಕಾಗಿಲ್ಲ.

ಮೂರು ಶಬ್ದಗಳಲ್ಲಿ ಹೀಗೆ ಮೂರು ದೃಷ್ಟಿಗಳಿವೆ. ಅವು ಒಂದನ್ನೊಂದು ಎದುರಿಸಿದುದು ಕೋಗಳಿ ನಾಡಿನ ದಕ್ಷಿಣದ ಎಲ್ಲೆಯಿಂದ ತುಸು ಆಚೆ, ಚಳ್ಳಕೆರೆ ತಾಲ್ಲೂಕಿನಲ್ಲಿ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳಿಗೆ ಆಡಳಿತದ ಗಡಿ ಬೇರೆಯಾದರೂ ಜನಜೀವನ ಒಂದೇ. ಮೂರರಲ್ಲೂ ಮ್ಯಾಸಬೇಡರಿದ್ದಾರೆ; ನೊಗಕ್ಕೆ ಹೂಡದ ದೇವರ ಎತ್ತುಗಳನ್ನು ಅವರು ಸಾಕುತ್ತಾರೆ, ಕಿಲಾರಿಯು ಅವುಗಳನ್ನು ಕಾಯುತ್ತಾನೆ. ಕಾಡುಗೊಲ್ಲರ ಹಟ್ಟಿಗಳೂ ಈ ಸೀಮೆಯವೇ. ಜುಂಜಪ್ಪನ ಮಹಾಕಾವ್ಯವನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು, ಆ ಕಾವ್ಯದ ದನಗಳಿಗೆ ಮೇಯಲು ನೆಲವೊಂದು ಬೇಕಾಗಿತ್ತೆಂಬುದನ್ನೂ ಹೇಳಿದರೆ ಒಳ್ಳೆಯದು. ಕುರುಬರು ಕುರಿ ಕಾಯ್ದು ಉಣ್ಣೆ ಕತ್ತರಿಸಿ ನೇಯುವ ಚಳ್ಳಕೆರೆಯ ಕಂಬಳಿಯ ಹೆಸರು ದೂರದ ಊರುಗಳಿಗೂ ಗೊತ್ತು. ಆ ಕಂಬಳಿಯ ಮೊದಲ ಎಳೆ ಕಾವಲಿನ ಹುಲ್ಲಿನಲ್ಲಿದೆ.

2007ರ ತರುವಾಯದ ಕೆಲವೇ ವರ್ಷಗಳಲ್ಲಿ ದೊಡ್ಡಉಳ್ಳಾರ್ತಿ, ವರವು, ಖುದಾಪುರ ಮುಂತಾದ ಕಡೆಗಳ ಅಮೃತಮಹಲ್ ಕಾವಲು ಸುಮಾರು 10,000 ಎಕರೆಗಳಷ್ಟು ಬೇರೆಬೇರೆ ಸಂಸ್ಥೆಗಳಿಗೆ ಹಂಚಿಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಬಾಬಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ 573 ಎಕರೆ. ಒಂದು ಖಾಸಗಿ ಸೌರಶಕ್ತಿ ಕಂಪನಿಗೂ ಪಾಲು ದೊರೆಯಿತು. ಪಡೆದವರ ಪಟ್ಟಿಯಲ್ಲಿ ಕರ್ನಾಟಕ ಗೃಹಮಂಡಳಿಯೂ ಇದ್ದುದು ಗಮನಾರ್ಹ. ಪ್ರಯೋಗಶಾಲೆಗಳು ಬಂದ ಮೇಲೆ ವಸತಿಗಳು ಬರುವುವಷ್ಟೆ; ಹುಲ್ಲುನೆಲವು ಮನೆಗಳ ನೆಲವಾಗುವುದಕ್ಕೆ ದಾರಿ ಹೀಗೆ ತೆರೆಯಿತು. ಈ ಸಂಸ್ಥೆಗಳ ಕಾರ್ಯವು ಸಣ್ಣದೆಂದು ಯಾರೂ ಹೇಳಲಾರರು. ಆದರೆ ಕರ್ನಾಟಕದ ಅರಣ್ಯ ಕಾನೂನಿನಲ್ಲಿ ಈ ಕಾವಲುಗಳು ‘ಜಿಲ್ಲಾ ಅರಣ್ಯ’ವೆಂಬ ವರ್ಗದವು. ಅವುಗಳ ಪರಭಾರೆಯ ಸಂಗತಿಯು ಅಲ್ಲಿ ಮೇಯಿಸುತ್ತಿದ್ದ ಊರುಗಳವರಿಗೆ ಸರಿಯಾಗಿ ತಿಳಿದುದು ಗೋಡೆಯ ಕೆಲಸ ಮೊದಲಾದ ಮೇಲೆ.

ಆಗ ಹುಟ್ಟಿದ ಸಂಘಟನೆಯ ಹೆಸರನ್ನು ನೋಡಬೇಕು: ಅಮೃತಮಹಲ್ ಕಾವಲು ಹಿತರಕ್ಷಣಾ ಹಾಗೂ ಹೋರಾಟ ಸಮಿತಿ. ಗೋಮಾಳವೆಂದಾಗಲಿ ಸರ್ಕಾರಿ ಜಮೀನೆಂದಾಗಲಿ ಅವರು ಹೇಳಲಿಲ್ಲ. ಹಳೆಯ ಶಬ್ದವನ್ನೇ ಹಿಡಿದರು. ನನ್ನ ಅಭಿಪ್ರಾಯದಲ್ಲಿ ಅವರ ವಾದದ ಬಲವೆಲ್ಲವೂ ಈ ಶಬ್ದದಲ್ಲಿಯೇ ಇದ್ದಿತು. ದೌರ್ಬಲ್ಯವೂ ಅಲ್ಲಿಯೇ ಇದ್ದಿತು. ಬಲವೇನೆಂದರೆ, ಕಾವಲು ಎಂದೊಡನೆ ಅದು ಯಾರಿಗೂ ಸೇರದ ನೆಲವೆಂಬ ಮಾತು ಬಿದ್ದುಹೋಗುತ್ತದೆ. ದೌರ್ಬಲ್ಯವೇನೆಂದರೆ, ಅಮೃತಮಹಲ್ ಕಾವಲು ಚರಿತ್ರೆಯಲ್ಲಿ ಅರಸನ ದನಗಳಿಗೆಂದು ಕಾದ ನೆಲ. ಊರ ಕುರಿಗಳು ಅಲ್ಲಿ ಮೇಯುತ್ತಿದ್ದುದು ರೂಢಿಯಿಂದ ಮಾತ್ರ. ರೂಢಿಗೆ ಪಹಣಿಯಲ್ಲಿ ಅಂಕಣವಿಲ್ಲ. ಅರಸನ ಸ್ವತ್ತು ಸರ್ಕಾರದ ಸ್ವತ್ತಾಯಿತು. ಸರ್ಕಾರವು ತನ್ನ ಸ್ವತ್ತನ್ನು ತಾನೇ ಕೊಟ್ಟಿತು ಎಂದರೆ ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ.

ಬೆಂಗಳೂರಿನ ಪರಿಸರ ಸಂಸ್ಥೆಯೊಂದು ಇವರ ಬೆಂಬಲಕ್ಕೆ ಬಂದು, ಮೊಕದ್ದಮೆಯು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠದ ಮುಂದೆ ಬಂದಿತು. 2013ರಲ್ಲಿ ನ್ಯಾಯಾಧಿಕರಣವು ಸತ್ಯಶೋಧನೆಗೆಂದು ಸಮಿತಿಯನ್ನು ಕಳುಹಿಸಿ, ಕಾಮಗಾರಿಗಳಿಗೆ ತಾತ್ಕಾಲಿಕ ತಡೆಯನ್ನೂ ಹಾಕಿತು. ಕೃಷ್ಣಮೃಗ, ಎರೆಭೂತ ಹಕ್ಕಿ ಮೊದಲಾದ ಹುಲ್ಲುನೆಲದ ಜೀವಿಗಳ ವಿಚಾರವು ದನಕುರಿಗಳ ವಿಚಾರದೊಡನೆ ಅಲ್ಲಿ ಚರ್ಚೆಗೆ ಬಂದಿತು. 2014ರ ಆಗಸ್ಟ್ 27ರ ತೀರ್ಪು ಷರತ್ತುಗಳನ್ನು ವಿಧಿಸಿತಾದರೂ ಹಂಚಿಕೆಯನ್ನು ರದ್ದುಮಾಡಲಿಲ್ಲ. ವರವು ಕಾವಲಿನಲ್ಲಿ ವಿಮಾನಗಳ ಪರೀಕ್ಷಾ ನೆಲೆಯು 2017ರ ಮೇ 28ರಂದು ಉದ್ಘಾಟನೆಯಾಯಿತು. ಹೋರಾಟವು ಸೋತಿತೇ ಎಂದು ಕೇಳುವವರಿಗೆ, ನೆಲದ ಮಟ್ಟಿಗೆ ಬಹುಪಾಲು ಸೋತಿತೆಂದೇ ಹೇಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಗೆದ್ದ ಪ್ರಸಂಗವೊಂದನ್ನು ನೋಡುವುದು ಉಪಯುಕ್ತ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವನ್ನು ಅಭಿವೃದ್ಧಿ ಪ್ರಾಧಿಕಾರವು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿತು. ನೆರೆಯ ನಿವಾಸಿಗಳು ಆಕ್ಷೇಪಿಸಿ ಹೈಕೋರ್ಟಿಗೆ ಹೋಗಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1991ರ ಜುಲೈ 19ರಂದು ಅದೇ ತೀರ್ಮಾನವನ್ನು ಎತ್ತಿಹಿಡಿದು, ಬಡಾವಣೆಯ ಉದ್ಯಾನಕ್ಕಾಗಿ ದೂರು ಹೇಳುವ ಹಕ್ಕು ಅಲ್ಲಿಯ ವಾಸಿಗಳಿಗುಂಟೆಂದು ಸಾರಿತು. ಚಳ್ಳಕೆರೆಯವರಿಗಿಂತ ಬೆಂಗಳೂರಿನವರು ಹೆಚ್ಚು ಹೋರಾಡಿದರೆಂದು ಇದರರ್ಥವಲ್ಲ. ಅವರ ನೆಲದ ಹೆಸರು ಮಂಜೂರಾದ ನಕ್ಷೆಯಲ್ಲಿಯೇ ‘ಉದ್ಯಾನ’ವೆಂದಿದ್ದಿತು, 1976ರ ಪ್ರಾಧಿಕಾರದ ಕಾಯಿದೆಗೆ 1984ರಲ್ಲಿ ಸೇರಿಸಿದ ಪ್ರಕರಣವು ಅಂತಹ ನೆಲದ ಪರಭಾರೆಯನ್ನು ನಿಷೇಧಿಸಿದ್ದಿತು. ಕುರಿ ಮೇಯಿಸುವವನ ಬಳಿ ಅಂತಹ ನಕ್ಷೆಯಿರಲಿಲ್ಲ.

ಹಳ್ಳಿಯವರಿಗೆ ನಕ್ಷೆಯಿಲ್ಲದಿದ್ದರೂ ನಿಯಮವೊಂದುಂಟು. 1966ರ ಕರ್ನಾಟಕ ಭೂಕಂದಾಯ ನಿಯಮಾವಳಿಯ 97ನೆಯ ನಿಯಮದಂತೆ ಪ್ರತಿ ನೂರು ದನಗಳಿಗೆ 12 ಹೆಕ್ಟೇರಿನ ಲೆಕ್ಕದಲ್ಲಿ ಮೇವಿನ ನೆಲವನ್ನು ಕಾದಿರಿಸತಕ್ಕದ್ದು. ಕೋಗಳಿ ಸೀಮೆಯ ಊರುಗಳಿಗೂ ಇದು ಅನ್ವಯಿಸುತ್ತದೆ. ದನಗಣತಿಯಲ್ಲಿ ಸಂಖ್ಯೆ ಇಳಿದರೆ ‘ಹೆಚ್ಚುವರಿ’ ಗೋಮಾಳವು ಹುಟ್ಟಿಕೊಳ್ಳುತ್ತದೆ. ಮೇವಿನ ನೆಲ ಕಡಿಮೆಯಾದುದರಿಂದ ದನಗಳು ಕಡಿಮೆಯಾಗುತ್ತವೆ. ದನಗಳು ಕಡಿಮೆಯಾದುದರಿಂದ ನೆಲ ಹೆಚ್ಚೆನಿಸುತ್ತದೆ. ಈ ತರ್ಕಕ್ಕೆ ಕೊನೆಯಿಲ್ಲ.

ಇಲ್ಲಿ ಇನ್ನೊಂದು ಪಕ್ಷವನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ಗೋಮಾಳದ ಮೇಲೆ ಮನೆ ಕಟ್ಟುವವರೆಲ್ಲ ಸಂಸ್ಥೆಗಳೂ ವ್ಯಾಪಾರಿಗಳೂ ಅಲ್ಲ. ಊರಿನೊಳಗೆ ಗೇಣು ನಿವೇಶನವೂ ಇಲ್ಲದ ಹೊಲಗೇರಿಯವನು, ಕೂಲಿಯವನು ಮತ್ತೆಲ್ಲಿ ಗುಡಿಸಲು ಹಾಕಬೇಕು? ಅವನನ್ನು ಎಬ್ಬಿಸಬೇಕೆನ್ನುವವರ ಬಾಯಲ್ಲಿ ಹುಲ್ಲಿನ ಮೇಲಣ ಪ್ರೀತಿ ಎಷ್ಟು, ಜಾತಿಯ ಅಸಹನೆ ಎಷ್ಟು ಎಂದು ಬಿಡಿಸಿ ನೋಡಬೇಕಾಗುತ್ತದೆ. ಭೂಕಂದಾಯ ಕಾಯಿದೆಯ 94ಸಿ ಪ್ರಕರಣವು ಸರ್ಕಾರಿ ನೆಲದಲ್ಲಿ ಮನೆ ಕಟ್ಟಿಕೊಂಡ ಹಳ್ಳಿಯವರಿಗೆ ಸಕ್ರಮದ ದಾರಿಯನ್ನು ತೋರಿಸಿತು. ಸುಪ್ರೀಂ ಕೋರ್ಟಿನ ಜಗಪಾಲ್ ಸಿಂಗ್ ಪ್ರಕರಣವೂ ಈ ಭೇದವನ್ನು ಗುರುತಿಸಿತು. ಪಂಜಾಬಿನ ಪಟಿಯಾಲ ಜಿಲ್ಲೆಯ ಹಳ್ಳಿಯೊಂದರಲ್ಲಿ ಊರ ಕೆರೆಯ ಜಾಗವನ್ನು ಒತ್ತಿ ಮನೆ ಕಟ್ಟಿದವರನ್ನು ತೆರವುಮಾಡಬೇಕೆಂದು 2011ರ ಜನವರಿ 28ರಂದು ತೀರ್ಪಿತ್ತ ನ್ಯಾಯಾಲಯವು, ಊರಿನ ಸಾಮುದಾಯಿಕ ನೆಲಗಳನ್ನು ಕಾಪಾಡಲು ಎಲ್ಲ ರಾಜ್ಯಗಳಿಗೂ ಆದೇಶವಿತ್ತಿತು. ಆದರೆ ಸರ್ಕಾರದ ಪ್ರಕಟಣೆಯಂತೆ ನೆಲಹೀನ ಕೂಲಿಗಳಿಗೂ ಪರಿಶಿಷ್ಟರಿಗೂ ಕೊಟ್ಟುದನ್ನು ಅಪವಾದವಾಗಿ ಬಿಟ್ಟಿತು. ನಾಲ್ಕು ಸಾವಿರ ಎಕರೆಯ ಗೋಡೆಯನ್ನೂ ಒಂದು ಗುಂಟೆಯ ಗುಡಿಸಲನ್ನೂ ‘ಒತ್ತುವರಿ’ಯೆಂಬ ಒಂದೇ ಶಬ್ದದಲ್ಲಿ ಅಳೆಯುವುದು ವಿವೇಕವಲ್ಲ. ಚಳ್ಳಕೆರೆಯ ಗೋಡೆಗೆ ಅಂತೂ ಆ ಶಬ್ದ ಅನ್ವಯಿಸಲೇ ಇಲ್ಲ, ಅದು ‘ಮಂಜೂರಾತಿ’.

ಹಿಂದೆ ಇನ್ನೊಂದು ಪ್ರಸಂಗವೂ ನಡೆದಿತ್ತು. ಊರ ಸಾಮುದಾಯಿಕ ನೆಲವನ್ನು ನೀಲಗಿರಿ ಬೆಳೆಸಲೆಂದು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಹೆಸರು ಆ ಸತ್ಯಾಗ್ರಹಕ್ಕೆ ನಿಂತಿತು. ಕಂಪನಿಯು 1991ರಲ್ಲಿ ಮುಚ್ಚಿಹೋಯಿತು. ಅಲ್ಲಿ ನೆಲದಲ್ಲಿದ್ದುದು ಸಸಿ, ಕಿತ್ತರೆ ಬರುವಂಥದು. ಕಟ್ಟಡವು ಹಾಗೆ ಬರುವುದಿಲ್ಲ. ಮನೆಗಳ ವಿರುದ್ಧದ ಪ್ರತಿಭಟನೆಯು ಅಡಿಪಾಯಕ್ಕೆ ಮುಂಚೆಯೇ ನಡೆಯಬೇಕಾಗುವುದು ಇದರಿಂದಲೇ. ಸುದ್ದಿ ತಿಳಿಯುವುದು ಮಾತ್ರ ಬಹುಮಟ್ಟಿಗೆ ಅಡಿಪಾಯದ ತರುವಾಯ.

ಕೋಗಳಿ ನಾಡಿನೊಳಗೆ ಒಂದು ನೆಲಕ್ಕೆ ಈಚೆಗೆ ಹೊಸ ಹೆಸರು ದೊರೆತಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಂಗಳದಲ್ಲಿ ಊರಿನವರು ಹಿಂದೆ ಜಾಲಿಯನ್ನು ಬೆಳೆಸಿದ್ದರು. ನೀರು ನಿಂತ ಮೇಲೆ ಆ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟಿದವು. ಸುಮಾರು 244 ಎಕರೆಯ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರವು ಘೋಷಿಸಿತು. ಕೇಂದ್ರದ ವನ್ಯಜೀವಿ ಕಾಯಿದೆಗೆ 2002ರಲ್ಲಿ ಸೇರಿದ ಈ ವರ್ಗದ ಮೀಸಲುಗಳ ಆಡಳಿತ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೂ ಸ್ಥಾನವಿದೆ. 2024ರ ಆರಂಭದಲ್ಲಿ ಅದು ರಾಮ್ಸಾರ್ ಒಡಂಬಡಿಕೆಯ ಪಟ್ಟಿಗೂ ಸೇರಿತು. ಹಳೆಯ ಮದರಾಸಿನ ಕಂದಾಯ ಪುಸ್ತಕದ ಪರಿಭಾಷೆಯಲ್ಲಿ ಹೇಳುವುದಾದರೆ ಕೆರೆಯಂಗಳವೂ ಪೊರಂಬೋಕೇ.