ಕೆಲ್ಮ್‌ಸ್ಕಾಟ್ ಚಾಸರ್: ಕೈಕೆಲಸ ಮತ್ತು ಛಾಯಾಚಿತ್ರ

ಯಂತ್ರಯುಗದಲ್ಲಿ ಕೈಕೆಲಸದ ಚೆಲುವನ್ನು ಎತ್ತಿಹಿಡಿದವನೆಂದು ವಿಲಿಯಂ ಮಾರಿಸನನ್ನು ಸಾಮಾನ್ಯವಾಗಿ ವರ್ಣಿಸುವುದುಂಟು. ಈ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಅವನ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ಕೈಕೆಲಸಕ್ಕೆ ಛಾಯಾಚಿತ್ರವೇ ಏಣಿಯಾಗಿತ್ತೆಂಬುದನ್ನು ಇಲ್ಲಿ ಪರಿಶೀಲಿಸಬಹುದು. ಇಂದು ಗಣಕಯಂತ್ರದ ತೆರೆಯ ಮೇಲೆ ಕೈಕಾಗದದ ಒರಟನ್ನು ಅರಸುವ ವಿನ್ಯಾಸಕಾರರಿಗೂ ಈ ವಿಷಯವು ಸಲ್ಲತಕ್ಕದ್ದೇ.

೧೮೮೮ರ ನವೆಂಬರಿನಲ್ಲಿ ಎಮರಿ ವಾಕರನು ಲಂಡನ್ನಿನಲ್ಲಿ ಮುದ್ರಣಕಲೆಯನ್ನು ಕುರಿತು ಉಪನ್ಯಾಸ ಮಾಡಿ, ಹಳೆಯ ಅಚ್ಚಕ್ಷರಗಳನ್ನು ಮಾಯಾದೀಪದಿಂದ ಹಿಗ್ಗಿಸಿ ತೋರಿಸಿದನು. ಸಭೆಯಲ್ಲಿದ್ದ ಮಾರಿಸನಿಗೆ ಸ್ವಂತ ಮೊಳೆ ಮಾಡಿಸುವ ಹಂಬಲ ಹುಟ್ಟಿತು. ವೆನಿಸ್ಸಿನ ನಿಕೊಲಾಸ್ ಜೆನ್ಸನನ ಅಕ್ಷರಗಳನ್ನು ಛಾಯಾಚಿತ್ರದಲ್ಲಿ ದೊಡ್ಡದು ಮಾಡಿಸಿ, ಮೇಲೆಮೇಲೆ ತಿದ್ದಿ ಕೈ ಪಳಗಿದ ಬಳಿಕ ಅವನು 'ಗೋಲ್ಡನ್' ಎಂಬ ತನ್ನ ಅಕ್ಷರಮಾದರಿಯನ್ನು ರಚಿಸಿದನು. ೧೮೯೧ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಮುದ್ರಣಾಲಯವು ಆರಂಭವಾಯಿತು.

ಅಲ್ಲಿಗೆ ಕಾಗದವು ಕೆಂಟ್ ಪ್ರಾಂತದ ಜೋಸೆಫ್ ಬ್ಯಾಚಲರನ ಕಾರ್ಖಾನೆಯಿಂದ ಬರುತ್ತಿತ್ತು. ಅದು ನಾರುಬಟ್ಟೆಯ ಚಿಂದಿಯಿಂದ ಕೈಯಲ್ಲೇ ಮಾಡಿದ್ದು. ೧೪೭೩ರ ಬೊಲೋನ್ಯಾ ಕಾಗದವೊಂದು ಅದಕ್ಕೆ ಮಾದರಿ. ಹಾಳೆಯನ್ನು ತೇವಗೊಳಿಸಿ ಕಬ್ಬಿಣದ ಕೈಯಚ್ಚಿನಲ್ಲಿ ಒತ್ತಿದಾಗ ಮೊಳೆಯು ಕಾಗದದೊಳಕ್ಕೆ ಇಳಿಯುತ್ತಿತ್ತು. ಮೊಳೆಯಚ್ಚಿನ ಹಳೆಯ ಪುಸ್ತಕಗಳ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದವರು ಈ ಗುಣವನ್ನು ಬಲ್ಲರು.

೧೮೯೬ರ ಚಾಸರ್ ಕವಿಯ ಕೃತಿಸಂಪುಟದಲ್ಲಿ ಈ ಸಾಧನೆ ತುತ್ತತುದಿ ಮುಟ್ಟಿತು. ಎಡ್ವರ್ಡ್ ಬರ್ನ್-ಜೋನ್ಸನ ೮೭ ಚಿತ್ರಗಳು. ಮಾರಿಸನ ೧೪ ದೊಡ್ಡ ಬಳ್ಳಿಯಂಚುಗಳು, ೧೮ ಬಗೆಯ ಚೌಕಟ್ಟುಗಳು, ೨೬ ಅಲಂಕೃತ ಆದಿಪದಗಳು. ಬಳ್ಳಿ ತುಂಬಿದ ಪುಟಗಳಲ್ಲಿ ಕಣ್ಣಿಗೆ ತೆರಪೇ ದೊರೆಯದು. ಇದು ಅತಿಯಾಯಿತೆಂಬ ಆಕ್ಷೇಪಣೆ ಸಹಜವಾದುದೇ. ಆದರೆ ಮಾರಿಸನು ಎದುರುಬದುರಿನ ಎರಡು ಪುಟಗಳನ್ನು ಒಂದೇ ಘಟಕವೆಂದು ಎಣಿಸಿದನು. ಪದಗಳ ನಡುವಣ ಅಂತರವನ್ನು ಕಿರಿದುಗೊಳಿಸಿ, ದಪ್ಪ ಕರಿಯ ಮೊಳೆಯನ್ನು ಬಳಸಿದನು. ಆದಕಾರಣ ಅಕ್ಷರವೂ ಬಳ್ಳಿಯೂ ಒಂದೇ ತೂಕಕ್ಕೆ ನಿಂತವು. ತೆಳುವಾದ ಮೊಳೆಯಿದ್ದಿದ್ದರೆ ಅಲಂಕಾರವು ಪಾಠವನ್ನು ನುಂಗಿಬಿಡುತ್ತಿತ್ತು.

ಚಿತ್ರಗಳ ಕಥೆ ಇನ್ನೂ ಸ್ವಾರಸ್ಯವಾದುದು. ಬರ್ನ್-ಜೋನ್ಸನ ಮೃದುವಾದ ಸೀಸದಕಡ್ಡಿ ರೇಖೆಗಳು ಮರದಚ್ಚಿಗೆ ಒಗ್ಗವು. ಅವುಗಳ ತಿಳಿಯಾದ ಛಾಯಾಪ್ರತಿ ತೆಗೆದು, ಅದರ ಮೇಲೆ ಕ್ಯಾಟರ್ಸನ್-ಸ್ಮಿತ್ ಮಸಿಯಿಂದ ಖಚಿತವಾದ ಗೆರೆ ಬರೆದನು. ಆ ಗೆರೆಚಿತ್ರವನ್ನು ಮತ್ತೆ ಛಾಯಾಚಿತ್ರದ ಮೂಲಕವೇ ಮರದ ಹಲಗೆಗೆ ಇಳಿಸಲಾಯಿತು, ಹೂಪರನು ಕೆತ್ತಿದನು. ಇಷ್ಟಾಗಿಯೂ ಮುದ್ರಿತ ಪುಟದಲ್ಲಿ ಕಾಣುವುದು ಉಳಿಯ ಗುರುತೇ ಹೊರತು ಕ್ಯಾಮರಾದ ಗುರುತಲ್ಲ.

ಕಾಗದದ ಮೇಲೆ ಅಚ್ಚಾದವು ೪೨೫ ಪ್ರತಿಗಳು, ಚರ್ಮಪತ್ರದ ಮೇಲೆ ೧೩. ಕಾಗದದ ಪ್ರತಿಯ ಬೆಲೆ ೨೦ ಪೌಂಡು. ಕಲೆಯು ಕೆಲವರ ಸೊತ್ತಾಗಬಾರದೆಂದು ಸಾರಿದ ಸಮಾಜವಾದಿಯ ಪುಸ್ತಕವನ್ನು ಕೂಲಿಕಾರನು ಕೊಳ್ಳಲಾರದೆ ಹೋದನು. ಈ ವಿರೋಧವನ್ನು ಮಾರಿಸನು ಪರಿಹರಿಸಲಿಲ್ಲ. ಅದಕ್ಕೆ ಕಾಲವೂ ಉಳಿದಿರಲಿಲ್ಲ. ಜೂನಿನಲ್ಲಿ ಮೊದಲ ಪ್ರತಿಗಳು ಅವನ ಕೈಸೇರಿದವು. ಅದೇ ವರ್ಷ ಅಕ್ಟೋಬರ್ ೩ರಂದು ಅವನು ತೀರಿಕೊಂಡನು.