ಕಾಲವೋ, ವಿಧಿಯೋ?

ಬೆಂಗಳೂರಿನ ಪೂರ್ವಭಾಗದ ರಾಮಮೂರ್ತಿನಗರದಲ್ಲಿ ಇಂದು ಇಂಗ್ಲೀಷನ್ನು ಅಭ್ಯಸಿಸುವ ಬಾಲಕನು ‘ಷಲ್’ ಎಂಬ ಸಹಾಯಕ್ರಿಯೆಯನ್ನು ಭವಿಷ್ಯತ್ಕಾಲದ ಚಿಹ್ನೆಯೆಂದು ಕಲಿಯುವುದುಂಟು. ಇದು ಸತ್ಯದ ಒಂದಂಶ ಮಾತ್ರ. ಉತ್ತಮಪುರುಷದಲ್ಲಿ ಕಾಲವನ್ನು ಸೂಚಿಸುವ ಈ ಪದವೇ ಪ್ರಥಮಪುರುಷದಲ್ಲಿ ವಿಧಿಯನ್ನು ಸಾರುವುದು. ಈ ಭೇದವು ಕೇವಲ ವೈಯಾಕರಣರ ವಿನೋದವಲ್ಲವೆಂಬುದಕ್ಕೆ ಮೈಸೂರು ಸೀಮೆಯ ಚರಿತ್ರೆಯೇ ಸಾಕ್ಷಿ.

1831ರಿಂದ ಐವತ್ತು ವರ್ಷಗಳ ಕಾಲ ಕಮಿಷನರುಗಳ ಮೂಲಕ ಆಳಿದ ಆಂಗ್ಲಸರ್ಕಾರವು 1881ರಲ್ಲಿ ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಒಪ್ಪಿಸಿತು. ಆ ಹಸ್ತಾಂತರಪತ್ರದಲ್ಲಿ ಮಹಾರಾಜರು ಚಕ್ರವರ್ತಿನಿಗೆ ನಿಷ್ಠರಾಗಿರುವುದು, ವರ್ಷಂಪ್ರತಿ ಕಪ್ಪವನ್ನು ಸಲ್ಲಿಸುವುದು, ಅನುಮತಿಯಿಲ್ಲದೆ ಹೊಸ ಕೋಟೆಗಳನ್ನು ಕಟ್ಟದಿರುವುದು ಇವೆಲ್ಲವೂ ‘ಷಲ್’ ಎಂಬುದರಿಂದಲೇ ವಿಧಿಸಲ್ಪಟ್ಟಿವೆ. ಕಾಲವೆಂದು ಓದಿದರೆ ಅದು ಮುಂದಾಗುವುದರ ವಾರ್ತೆ. ವಿಧಿಯೆಂದು ಓದಿದರೆ ಮೀರಲಾಗದ ಕಟ್ಟುಪಾಡು. ಪತ್ರದ ಅಭಿಪ್ರಾಯವು ಎರಡನೆಯದೇ. 1809ರಲ್ಲಿ ಸ್ಥಾಪಿತವಾದ ದಂಡುಪ್ರದೇಶವಾದರೋ 1947ರವರೆಗೂ ಆಂಗ್ಲರ ಕೈಯಲ್ಲಿಯೇ ಉಳಿಯಿತು.

ಸಂಸ್ಕೃತಜ್ಞರಿಗೆ ಈ ವಿವೇಕವು ಹೊಸದಲ್ಲ. ಪಾಣಿನಿಯು ಲಟ್, ಲೃಟ್ ಮೊದಲಾದ ಕಾಲವಾಚಕ ಲಕಾರಗಳಿಂದ ಲಿಙ್, ಲೋಟ್ ಎಂಬುವನ್ನು ಬೇರ್ಪಡಿಸಿ, ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆಗಳೆಂಬ ಅರ್ಥಗಳಲ್ಲಿ ನಿಯಮಿಸಿರುವನು. ತಪ್ಪದೆ ಬರಬೇಕಾದ ಕರೆಯು ನಿಮಂತ್ರಣ, ಇಚ್ಛೆಯಿದ್ದರೆ ಬರುವ ಕರೆಯು ಆಮಂತ್ರಣ ಎಂಬಷ್ಟು ಸೂಕ್ಷ್ಮವಾಗಿ ವ್ಯಾಖ್ಯಾನಕಾರರು ವಿಚಾರಿಸಿದ್ದಾರೆ.

ಕನ್ನಡವೂ ಈ ವಿಷಯದಲ್ಲಿ ದರಿದ್ರವಲ್ಲ. ‘ಬರುವನು’ ಎಂಬುದು ಕಾಲ. ‘ಬರಲಿ’ ಎಂಬುದು ವಿಧಿ. ‘ಬಂದಾನು’ ಎಂಬುದು ಸಂಭಾವನೆ. ‘ಬಾರನು’ ಎಂಬುದು ನಿಷೇಧ. ಇಂಗ್ಲೀಷಿನ ‘ಮೇ’ ಎಂಬುದರಂತೆ ನಮ್ಮ ‘ಬಹುದು’ ಎಂಬುದೂ ಅನುಮತಿ, ಸಂಭವಗಳೆರಡನ್ನೂ ಹೇಳುವುದು. ಅದು ‘ಬರ್’ ಧಾತುವಿನಿಂದಲೇ ಹುಟ್ಟಿದುದು. ಅದರ ನಿಷೇಧರೂಪವಾದ ‘ಬಾರದು’ ಎಂಬುದು ಕ್ರಮೇಣ ತಡೆಯ ಮಾತಾಗಿ ನಿಂತಿದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ಕನ್ನಡ ಕ್ರಿಯಾರೂಪಗಳನ್ನು ನಿರೂಪಿಸಿದನು. 1859ರಲ್ಲಿ ಥಾಮಸ್ ಹಾಡ್ಸನ್ ಪಾದ್ರಿಯು ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದ ವ್ಯಾಕರಣವು ಅವನ್ನು ಇಂಗ್ಲೀಷ್ ಬಲ್ಲವರಿಗೆ ವಿವರಿಸಿತು.

ಇಂದಿನ ಕರ್ನಾಟಕದ ಶಾಸನಭಾಷೆಯಲ್ಲಿ ‘ಷಲ್’ ಎಂಬಲ್ಲಿ ‘ತಕ್ಕದ್ದು’ ಎಂತಲೂ, ‘ಮೇ’ ಎಂಬಲ್ಲಿ ‘ಬಹುದು’ ಎಂತಲೂ ಪ್ರಯೋಗವಿದೆ. ‘ಕೊಡತಕ್ಕದ್ದು’ ಎಂದರೆ ಅಧಿಕಾರಿಯು ಕೊಡಲೇಬೇಕು. ‘ಕೊಡಬಹುದು’ ಎಂದರೆ ಅವನ ವಿವೇಚನೆ. ಬಡ ಅರ್ಜಿದಾರನ ಹಕ್ಕು ಈ ಒಂದು ಪ್ರತ್ಯಯದ ಅಂತರದಲ್ಲಿದೆ. ಆದುದರಿಂದ ಕ್ರಿಯಾಪದದ ಅರ್ಥವನ್ನು ಬಾಲಕರಿಗೆ ತಿಳಿಯಹೇಳುವ ಉಪಾಧ್ಯಾಯನು ವ್ಯಾಕರಣದೊಡನೆ ನ್ಯಾಯವನ್ನೂ ಬೋಧಿಸುತ್ತಾನೆ.