ಚಿತ್ರಭಾನು ಸಂವತ್ಸರದ ಒಂದು ಕಲ್ಲು: ಹೊಯ್ಸಳರು ಹೋಗಿ ವಿಜಯನಗರ ಬರುವ ನಡುವೆ

ನಾಗಮಂಗಲ ತಾಲ್ಲೂಕಿನ ಒಂದು ಊರಿನ ಕೆರೆ ಏರಿ ಮೇಲೆ ಒಂದು ಕಲ್ಲಿದೆ. ಊರಿನ ಹೆಸರು ಸದ್ಯಕ್ಕೆ ಬೇಡ, ನಿಧಿ ಹುಡುಕೋರ ಕಾಟ ನಿಮಗೂ ಗೊತ್ತು. ಸೊಂಟದೆತ್ತರದ ಬೋಳು ಕಲ್ಲು. ಮೇಲಿನ ಸೂರ್ಯ ಚಂದ್ರರಲ್ಲಿ ಅರ್ಧ ಚಂದ್ರ ಮಾತ್ರ ಉಳಿದಿದ್ದಾನೆ. ಮೊದಲ ಮೂರ್ನಾಲ್ಕು ಸಾಲು ಬಟ್ಟೆ ಒಗೆದು ಒಗೆದು ಸವೆದುಹೋಗಿವೆ. ನಾನು ಬಗ್ಗಿ ನೋಡ್ತಿದ್ದಾಗ ಎಮ್ಮೆ ಹೊಡ್ಕೊಂಡು ಹೋಗ್ತಿದ್ದ ಯಜಮಾನರೊಬ್ಬರು ನಿಂತು ಕೇಳಿದರು:

“ಅದ್ಯಾಕ್ ಸಾ ಅದನ್ನ ನೋಡೀರಿ? ಅದ್ರಲ್ಲಿ ಒಂದ್ ಬೊಂಬೆನೂ ಇಲ್ವಲ್ಲ. ಒಳ್ಳೆ ಕಲ್ ನೋಡ್ಬೇಕು ಅಂದ್ರೆ ನಾಗಮಂಗ್ಲುದ್ ದೇವಸ್ಥಾನಕ್ ಹೋಗಿ.”

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಸೌಮ್ಯಕೇಶವನ ಗುಡಿ ನೋಡಿದ ಕಣ್ಣಿಗೆ ಈ ಕಲ್ಲು ಏನೂ ಅಲ್ಲ. ಆದರೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಧ್ಯದ ಒಂದು ಸಾಲಿನಲ್ಲಿ “ಚಿತ್ರಭಾನು ಸಂ” ಅನ್ನೋದು ಕಾಣಿಸ್ತು. ಕೆಳಗೆ “ಗವುಡು ಪ್ರಜೆ”, ಕೊನೆಯಲ್ಲಿ “ಕವಿಲೆಯ ಕೊಂದ”. ಅಷ್ಟೇ. ರಾಜನ ಹೆಸರಿಲ್ಲ, ಶಕವರ್ಷ ಇಲ್ಲ. ಆ ಒಂದು ಪದದ ಹಿಂದೆ ಹೋಗಿದ್ದರ ಫಲ ಈ ಬರಹ.

ಅರವತ್ತು ವರ್ಷದ ಸಮಸ್ಯೆ

ಶಾಸನ ಓದೋ ಅಭ್ಯಾಸ ಇರುವವರಿಗೆ ಇದು ಹಳೇ ತಲೆನೋವು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ಚಿತ್ರಭಾನು ಹದಿನಾರನೆಯದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತೆ. ಅಕ್ಷರದ ಮಾಟ ನೋಡಿ 13ನೇ ಶತಮಾನದ ಕೊನೆಯಿಂದ 15ನೇ ಶತಮಾನದ ಆರಂಭದ ಒಳಗಿನದು ಅಂತ ಅಂದಾಜು ಮಾಡಬಹುದು, ಅದಕ್ಕಿಂತ ಬಿಗಿಯಾಗಿ ಹೇಳೋಕಾಗಲ್ಲ. ಹಾಗಾಗಿ ನನ್ನ ಮುಂದೆ ಉಳಿದದ್ದು ಮೂರು ಚಿತ್ರಭಾನು: ಕ್ರಿ.ಶ. 1282, 1342 ಮತ್ತು 1402.

1282 ಆದರೆ ಆಳುತ್ತಿದ್ದವನು ಹೊಯ್ಸಳ ಮೂರನೇ ನರಸಿಂಹ, ದೋರಸಮುದ್ರ ರಾಜಧಾನಿ. 1402 ಆದರೆ ವಿಜಯನಗರದ ಎರಡನೇ ಹರಿಹರ. ಇವೆರಡರಲ್ಲೂ “ಆಗ ಯಾರ ಸರ್ಕಾರ ಇತ್ತು?” ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಇದೆ. ಮಧ್ಯದ 1342ಕ್ಕೆ ಮಾತ್ರ ಅಂಥ ಉತ್ತರ ಇಲ್ಲ. ಆ ವರ್ಷದ ಯುಗಾದಿಯಲ್ಲಿ ಒಬ್ಬ ರಾಜ ಇದ್ದ, ಮುಂದಿನ ಯುಗಾದಿ ಹೊತ್ತಿಗೆ ಅವನಿರಲಿಲ್ಲ.

ಮೂರು ವರ್ಷದ ರಾಜ

ಮೂರನೇ ವೀರಬಲ್ಲಾಳನ ಕಥೆ ಸುಮಾರು ಐವತ್ತು ವರ್ಷದ್ದು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ದೋರಸಮುದ್ರಕ್ಕೆ ಬಂತು. 1327ರಲ್ಲಿ ತುಘಲಕ್ ಸೈನ್ಯ ಮತ್ತೆ ಬಂತು. ಹಾಳಾದ ರಾಜಧಾನಿ ಬಿಟ್ಟು ಹೊಯ್ಸಳರು ನಮ್ಮ ಪಾಂಡವಪುರದ ಹತ್ತಿರದ ತೊಣ್ಣೂರಿಗೆ ಬಂದರು ಅಂತ ಹಳೆಯ ಗೆಜೆಟಿಯರ್‌ಗಳು ಬರೆಯುತ್ತವೆ. ಬಲ್ಲಾಳ ತನ್ನ ಕೊನೆಯ ವರ್ಷಗಳನ್ನ ಹೆಚ್ಚಾಗಿ ಕಳೆದದ್ದು ತಮಿಳು ಸೀಮೆಯ ತಿರುವಣ್ಣಾಮಲೆಯಲ್ಲಿ, ನಮ್ಮ ಶಾಸನಗಳ ಉಣ್ಣಾಮಲೆಯಲ್ಲಿ. ಆಗ ಅವನ ಎದುರಾಳಿ ಮಧುರೈ ಸುಲ್ತಾನ.

1342ರ ಸೆಪ್ಟೆಂಬರ್ ಹೊತ್ತಿಗೆ ಬಲ್ಲಾಳ ಆ ಯುದ್ಧದಲ್ಲೇ ಸತ್ತ. ಮೊರಾಕೊದ ಪ್ರವಾಸಿ ಇಬ್ನ್ ಬತೂತ ಆಮೇಲೆ ಮಧುರೈಗೆ ಬಂದಾಗ, ಎಂಬತ್ತು ದಾಟಿದ್ದ ಆ ರಾಜನ ಚರ್ಮ ಸುಲಿದು, ಹುಲ್ಲು ತುಂಬಿ, ಕೋಟೆ ಗೋಡೆಗೆ ನೇತುಹಾಕಿದ್ದನ್ನ ತಾನೇ ಕಂಡದ್ದಾಗಿ ಬರೆದಿದ್ದಾನೆ. ಇಡೀ ಕರ್ನಾಟಕಕ್ಕೆ ಚಕ್ರವರ್ತಿ ಅಂತ ಕರೆಸಿಕೊಂಡ ಮನೆತನದ ಅಂತ್ಯ ಅದು.

ಆದರೆ ಅಂತ್ಯ ಅಂತ ನಾವು ಇವತ್ತು ಹೇಳ್ತೀವಿ, ಆಗಿನವರು ಹಾಗಂದುಕೊಳ್ಳಲಿಲ್ಲ. ಬಲ್ಲಾಳನ ಮಗ ವಿರೂಪಾಕ್ಷ ಬಲ್ಲಾಳನಿಗೆ 1343ರಲ್ಲಿ ಪಟ್ಟ ಆಯಿತು. ನಾಲ್ಕನೇ ಬಲ್ಲಾಳ ಅಂತ ಪುಸ್ತಕಗಳ ವಂಶಾವಳಿಯಲ್ಲಿ ಕೊನೆಗೆ ಸಣ್ಣ ಅಕ್ಷರದಲ್ಲಿ ಬರುವವನು ಇವನೇ. 1346ರ ನಂತರ ಹೊಯ್ಸಳ ದೊರೆಯ ಹೆಸರು ಶಾಸನಗಳಿಂದ ಮರೆಯಾಗುತ್ತೆ. ಮೂರು ವರ್ಷ, ಅಷ್ಟೇ.

ಶಾಲೆಯಲ್ಲಿ ನಾವು ಕಲಿತದ್ದು “1336ರಲ್ಲಿ ವಿಜಯನಗರ ಸ್ಥಾಪನೆ” ಅಂತ. ಆ ಲೆಕ್ಕದಲ್ಲಿ ಬಲ್ಲಾಳ ಸಾಯೋಕೆ ಆರು ವರ್ಷ ಮುಂಚೆಯೇ ಹೊಸ ಸಾಮ್ರಾಜ್ಯ ಇತ್ತು, ಅದು ಬಂದು ಹತ್ತು ವರ್ಷ ಆದರೂ ಹಳೆಯದು ಮುಗಿದಿರಲಿಲ್ಲ. ಹಾಗಾದರೆ ನಾಗಮಂಗಲದ ಒಬ್ಬ ಗವುಡ ಆ ಹತ್ತು ವರ್ಷದಲ್ಲಿ ಯಾರಿಗೆ ತೆರಿಗೆ ಕಟ್ಟಿದ? ಕಲ್ಲು ನೆಡಿಸುವಾಗ ಯಾರ ಹೆಸರು ಬರೆಸಿದ?

ಬಿರುದು ಏನು ಹೇಳುತ್ತೆ

ಇಲ್ಲಿ ನಮಗೆ ದಾರಿ ತೋರಿಸೋದು ಬಿರುದುಗಳು. ನಮ್ಮಲ್ಲಿ ಎಷ್ಟೋ ಜನ ಶಾಸನದ ಪಾಠ ಓದುವಾಗ ಬಿರುದಿನ ಸಾಲುಗಳನ್ನ ಹಾರಿಸಿಬಿಡ್ತೀವಿ, ಬರೀ ಹೊಗಳಿಕೆ ಅಂತ. ನಾನೂ ಬಹಳ ವರ್ಷ ಹಾಗೇ ಮಾಡಿದ್ದೆ.

ಬಲ್ಲಾಳನ ಶಾಸನಗಳಲ್ಲಿ ಅವನು “ಪ್ರತಾಪ ಚಕ್ರವರ್ತಿ”. ಈಗ 1346ರ ಶೃಂಗೇರಿ ಶಾಸನ ನೋಡಿ. ಹರಿಹರ ತನ್ನ ತಮ್ಮಂದಿರ ಜೊತೆ ಶೃಂಗೇರಿಗೆ ಬಂದು, ವಿಜಯೋತ್ಸವ ಮಾಡಿ, ಭಾರತೀತೀರ್ಥರಿಗೆ ದಾನ ಕೊಟ್ಟ ಸಂದರ್ಭ. ಎರಡೂ ಸಮುದ್ರಗಳ ನಡುವಿನ ನಾಡು ಕೈಗೆ ಬಂದಿದೆ, ಎದುರು ಹೇಳೋರಿಲ್ಲ. ಆದರೂ ಅವನು ಚಕ್ರವರ್ತಿ ಅಂತ ಬರೆಸಿಕೊಳ್ಳಲಿಲ್ಲ. ಅವನ ಬಿರುದು ಮಹಾಮಂಡಳೇಶ್ವರ, ಅಂದರೆ ಮೇಲೊಬ್ಬ ದೊರೆ ಇರುವ ದೊಡ್ಡ ಸಾಮಂತನ ಬಿರುದು. ಜೊತೆಗೆ “ಪೂರ್ವ ಪಶ್ಚಿಮ ಸಮುದ್ರಾಧಿಪತಿ”, “ಭಾಷೆಗೆ ತಪ್ಪುವ ರಾಯರ ಗಂಡ”. ಈ ಕೊನೆಯದನ್ನ ಸ್ವಲ್ಪ ನಿಧಾನವಾಗಿ ಓದಿ: ಕೊಟ್ಟ ಮಾತಿಗೆ ತಪ್ಪುವ ರಾಜರನ್ನ ದಂಡಿಸುವವನು. ಯಾರ ಮಾತನ್ನೂ ನಂಬೋಕಾಗದ ಕಾಲದಲ್ಲಿ ಜನರಿಗೆ ಬೇಕಾಗಿದ್ದ ಬಿರುದು ಅದೇ ಇರಬೇಕು.

ಅದೇ 1346ರಲ್ಲಿ, ಅದೇ ಶೃಂಗೇರಿಯಲ್ಲಿ, ಹೊಯ್ಸಳ ರಾಣಿ ಕಿಕ್ಕಾಯಿತಾಯಿಯ ದಾನವೂ ದಾಖಲಾಗಿದೆ. ಹರಿಹರನ ಪರಿವಾರದ ಪಟ್ಟಿಯಲ್ಲಿ ಅಳಿಯ ಬಲ್ಲಪ್ಪ ದಣ್ಣಾಯಕ ಅನ್ನೋ ಹೆಸರು ಬರುತ್ತೆ, ಹೊಯ್ಸಳರ ಶಾಸನಗಳಲ್ಲೂ ಬಲ್ಲಪ್ಪ ದಣ್ಣಾಯಕ ಇದ್ದಾನೆ. ಹಳೇ ಮನೆಯ ರಾಣಿ ಮತ್ತು ಹೊಸ ಮನೆಯ ಯಜಮಾನ ಒಂದೇ ಮಠದ ಅಂಗಳದಲ್ಲಿ. ನನಗೆ ಇದು ಗೆದ್ದವರು ಸೋತವರನ್ನ ಓಡಿಸಿದ ಚಿತ್ರದ ಹಾಗೆ ಕಾಣಲ್ಲ. ಹಿರಿಯರು ಹೋದ ಮನೆಯಲ್ಲಿ ಬೀಗದ ಕೈ ಮೆಲ್ಲಗೆ ಕೈ ಬದಲಾಯಿಸುತ್ತಲ್ಲ, ಹಾಗೆ ಕಾಣುತ್ತೆ.

ಇನ್ನೂ ಹತ್ತಿರದ ಸಾಕ್ಷಿ ಬೇಕಂದ್ರೆ ಶ್ರವಣಬೆಳಗೊಳಕ್ಕೆ ಹೋಗಿ, ನಾಗಮಂಗಲಕ್ಕೆ ದೂರವೇನಲ್ಲ. ಅಲ್ಲಿ ಶಕ 1290ರ, ಅಂದರೆ 1368ರ ಬುಕ್ಕರಾಯನ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳದಲ್ಲಿ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು, ಇಬ್ಬರಿಗೂ ಭೇದವಿಲ್ಲ ಅಂತ ರಾಜ ತೀರ್ಪು ಕೊಟ್ಟ ಪ್ರಸಿದ್ಧ ಕಲ್ಲು. ಶ್ರೀರಂಗ, ತಿರುಮಲೆ, ಕಂಚಿಯ ಜೊತೆ ನಮ್ಮ ಮೇಲುಕೋಟೆಯ ಆಚಾರ್ಯರನ್ನೂ ಸಾಕ್ಷಿಗೆ ಕರೆಸಿದ್ದಾನೆ. ಇಷ್ಟು ದೊಡ್ಡ ಅಧಿಕಾರ ನಡೆಸಿದವನ ಬಿರುದು ಏನು? ಅಲ್ಲೂ ಮಹಾಮಂಡಳೇಶ್ವರನೇ! ವಿರೂಪಾಕ್ಷ ಬಲ್ಲಾಳ ಮರೆಯಾಗಿ ಇಪ್ಪತ್ತೆರಡು ವರ್ಷ ಆಗಿತ್ತು. “ರಾಜಾಧಿರಾಜ ರಾಜಪರಮೇಶ್ವರ” ಅನ್ನೋದು ರೂಢಿಯ ಬಿರುದಾಗಿ ನಿಂತದ್ದು 1377ರಲ್ಲಿ ಪಟ್ಟಕ್ಕೆ ಬಂದ ಎರಡನೇ ಹರಿಹರನ ಕಾಲದಲ್ಲಿ.

ಹಾಗಾಗಿ ನನ್ನ ಓದು ಇದು. ಮಧ್ಯಂತರದ ಆಡಳಿತವನ್ನ ಗುರುತಿಸೋಕೆ ಅದು ತನ್ನನ್ನ ಏನಂತ ಕರೆದುಕೊಂಡಿತು ಅನ್ನೋದರ ಜೊತೆಗೆ, ಏನಂತ ಕರೆದುಕೊಳ್ಳಲಿಲ್ಲ ಅನ್ನೋದನ್ನೂ ನೋಡಬೇಕು. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನಲ್ಲಿ ರಾಜನ ತಲೆ ತೆಗೆಸಿದ ಆಲಿವರ್ ಕ್ರಾಮ್‌ವೆಲ್, 1657ರಲ್ಲಿ ಪಾರ್ಲಿಮೆಂಟು ಕಿರೀಟ ಕೊಡ್ತೀನಿ ಅಂದಾಗ ಬೇಡ ಅಂದ, ರಕ್ಷಕ ಅನ್ನೋ ಪದವಿಯಲ್ಲೇ ಉಳಿದ. ಅವನ ನಂತರ ಮಗ ರಿಚರ್ಡ್ ನಡೆಸಿದ್ದು ಒಂದು ವರ್ಷಕ್ಕಿಂತ ಕಡಿಮೆ. ರಷ್ಯಾದಲ್ಲಿ 1917ರಲ್ಲಿ ಚಕ್ರವರ್ತಿ ಇಳಿದ ಮೇಲೆ ಬಂದದ್ದು ತನ್ನನ್ನ ತಾನೇ ತಾತ್ಕಾಲಿಕ ಸರ್ಕಾರ ಅಂತ ಕರೆದುಕೊಂಡಿತು, ಎಂಟು ತಿಂಗಳು ಇತ್ತು. ನಮ್ಮವರಿಗೆ “ತಾತ್ಕಾಲಿಕ” ಅನ್ನೋ ಪದ ಬೇಕಾಗಲಿಲ್ಲ, ಮಹಾಮಂಡಳೇಶ್ವರ ಅಂದರೆ ಸಾಕಾಗಿತ್ತು.

ನಮ್ಮ ಸೀಮೆಗೇ ಇನ್ನೊಂದು ಮಧ್ಯಂತರ ಬಂದದ್ದು 1799ರಲ್ಲಿ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಆಯಿತು. ನಡುವೆ 57 ದಿನ. ಜೂನ್ ತಿಂಗಳಲ್ಲಿ ಕಂಪನಿಯವರು ಐದು ಜನರ ಒಂದು ಕಮಿಷನ್ ಮಾಡಿದ್ದರು: ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸಹೋದರರಾದ ಆರ್ಥರ್ ಮತ್ತು ಹೆನ್ರಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಕಾರ್ಯದರ್ಶಿಗಳು ಮಾಲ್ಕಂ ಮತ್ತು ಮನ್ರೋ. ಆ ದಿನಗಳ ಪತ್ರಗಳು, ಒಪ್ಪಂದಗಳು ಕಂತೆಗಟ್ಟಲೆ ಉಳಿದಿವೆ. ಹೊಯ್ಸಳರ ಕೊನೆಯ ಮೂರು ವರ್ಷಕ್ಕೆ ಆ ಸೌಕರ್ಯ ಇಲ್ಲ. ಅದಕ್ಕೆ ಇರೋದು ಕಲ್ಲು ಮಾತ್ರ.

ಶಾಪದ ಸಾಲು

ಮತ್ತೆ ಕೆರೆ ಏರಿಗೆ ಬರೋಣ. ರಾಜನ ಹೆಸರಿದ್ದ ಸಾಲು ಹೋಗಿದೆ, “ಕವಿಲೆಯ ಕೊಂದ” ಉಳಿದಿದೆ. ಈ ದಾನವನ್ನ ಅಳಿಸಿದವರು ಗಂಗೆಯ ತಡಿಯಲ್ಲಿ ಕಪಿಲೆಯನ್ನ ಕೊಂದ ಪಾಪಕ್ಕೆ ಹೋಗ್ತಾರೆ ಅನ್ನೋ ಶಾಪ ಇದು. ಎಲ್ಲಾ ಕಡೆ ಇರುತ್ತೆ ಅಂತ ನಾವು ಇದನ್ನೂ ಹಾರಿಸಿಬಿಡ್ತೀವಿ.

ಸ್ವಲ್ಪ ಯೋಚನೆ ಮಾಡಿ, ಈ ಶಾಪ ಯಾರಿಗೆ? ದಾನ ಕೊಟ್ಟ ರಾಜನಿಗಲ್ಲ. ಇನ್ನೂ ಬರದೇ ಇರುವ, ಹೆಸರೇ ಗೊತ್ತಿಲ್ಲದ ಮುಂದಿನ ಆಳುವವನಿಗೆ. ತಾನು ಕೊಟ್ಟದ್ದಕ್ಕಿಂತ ಬೇರೆಯವರು ಕೊಟ್ಟದ್ದನ್ನ ಕಾಪಾಡೋದು ದೊಡ್ಡ ಪುಣ್ಯ ಅಂತ ಶಾಸನಗಳು ಸಾರಿ ಸಾರಿ ಹೇಳೋದೂ ಅವನಿಗೇ. ರಾಜ್ಯ ಕೈ ಬದಲಾಗುತ್ತೆ ಅನ್ನೋದು ಕಲ್ಲು ನೆಡಿಸಿದ ಗವುಡು ಪ್ರಜೆಗಳಿಗೆ ಮೊದಲೇ ಗೊತ್ತಿತ್ತು. ರಾಜ ಇಲ್ಲದ ದಿನ ಬಂದರೂ ಕೆರೆಯ ಗದ್ದೆ, ದೇವರ ಮಾನ್ಯ, ತೂಬಿನ ನೀರಿನ ಹಕ್ಕು ಉಳೀಬೇಕು, ಅದಕ್ಕೇ ಆ ಸಾಲು. ಮಧ್ಯಂತರ ಕಾಲಕ್ಕೆ ಊರವರು ಮುಂಚಿತವಾಗಿ ಮಾಡಿಟ್ಟ ಏರ್ಪಾಡು ಅದು. ನಮ್ಮ ಕಲ್ಲಿನಲ್ಲಿ ರಾಜ ಸವೆದುಹೋಗಿ ಆ ಏರ್ಪಾಡು ಉಳಿದುಕೊಂಡಿದೆ ನೋಡಿ.

ಇನ್ನು ಆ ಕಲ್ಲು 1342ರದ್ದೇನಾ? ಸಂವತ್ಸರದ ಮುಂದಿನ ಸಾಲಿನಲ್ಲಿ ಮಾಸ, ತಿಥಿ, ವಾರ ಇರಲೇಬೇಕು, ತಿಥಿಯ ಜಾಗದಲ್ಲಿ ಗೀರುಗಳಿವೆ. ತಿಥಿ ವಾರ ಎರಡೂ ಸಿಕ್ಕರೆ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕ ಇಟ್ಟುಕೊಂಡು ಮೂರೂ ಚಿತ್ರಭಾನುಗಳನ್ನ ಪರೀಕ್ಷಿಸಬಹುದು. ಒಂದೇ ತಿಥಿ ಮೂರೂ ಸಲ ಒಂದೇ ವಾರಕ್ಕೆ ಬೀಳೋದು ಅಪರೂಪ. ಅದಕ್ಕೆ ಒಳ್ಳೆಯ ಪಡಿಯಚ್ಚು ಬೇಕು, ಅಥವಾ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ ಬೇಕು.

ಓದುಗರಲ್ಲಿ ನನ್ನ ಒಂದು ಕೋರಿಕೆ. ಬೊಂಬೆ ಇಲ್ಲದ ಕಲ್ಲುಗಳನ್ನ ಬಿಡಬೇಡಿ. ಮೇಲುಕೋಟೆ, ಹೊಸಹೊಳಲು, ಗೋವಿಂದನಹಳ್ಳಿ, ಕಂಬದಹಳ್ಳಿಗೆ ಹೋಗೋ ದಾರಿಯಲ್ಲಿ ಕೆರೆ ಏರಿ, ತೂಬು, ಅರಳಿಕಟ್ಟೆ ಕಂಡರೆ ಒಂದು ಸಲ ಇಳಿದು ನೋಡಿ. ಅಕ್ಷರ ಕಂಡರೆ ಫೋಟೋ ತೆಗೆದು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದಲ್ಲಿ ಆ ಊರಿನ ಹೆಸರಿಗೆ ಹುಡುಕಿ. ಸುಣ್ಣ ಬಳಿಯೋದು, ಎಣ್ಣೆಬಣ್ಣದಲ್ಲಿ ಅಕ್ಷರ ತಿದ್ದೋದು, ಸೀಮೆಸುಣ್ಣ ಉಜ್ಜೋದು ಬೇಡವೇ ಬೇಡ.

ಆ ಯಜಮಾನರಿಗೆ ಇಷ್ಟೆಲ್ಲ ಹೇಳೋಕೆ ಆಗಲಿಲ್ಲ. “ಇದು ನಿಮ್ಮ ಕೆರೆ ಗದ್ದೆ ಪತ್ರ ಇರಬೋದು ಯಜಮಾನ್ರೇ” ಅಂದೆ. ಅವರು ಎಮ್ಮೆ ನಿಲ್ಲಿಸಿ ಹತ್ತಿರ ಬಂದು ಕಲ್ಲನ್ನ ಕೈಯಲ್ಲಿ ಸವರಿದರು.

“ಅಂಗಾರೆ ಇದ್ರ ಮ್ಯಾಲೆ ಬಟ್ಟೆ ಒಗೀಬ್ಯಾಡಿ ಅಂತ ಹೆಂಗುಸ್ರಿಗೆ ಯೋಳ್ತೀನಿ ಬುಡಿ ಸಾ” ಅಂದರು.